ಎರಡು ವರ್ಷ ಅಲ್ಲಿ ದಿನಾ ಏನ್ ಮಾಡ್ತಿದ್ದೆ?

ಮದುವೆ ಮನೇಲಿ, ಆಫೀಸ್ ಕ್ಯಾಂಟೀನಲ್ಲಿ, ಎಲ್ಲೇ ಹೋದ್ರೂ ಯಾರಾದ್ರೂ ಇದನ್ನ ಕೇಳೇ ಕೇಳ್ತಾರೆ. ನಮ್ಮ ಸೋದರತ್ತೆ ಅಂತೂ ಸಿಕ್ಕಾಗೆಲ್ಲ, "ಸಂಬಳ ಇಲ್ದೆ ಇಂಗ್ಲೆಂಡಲ್ಲಿ ಎರಡು ವರ್ಷ ಇದ್ಯಲ್ಲೋ, ಬರೀ ಬಾಗಿಲು ತಟ್ಟೋದೇನಾ?" ಅಂತಾರೆ.

ನಮ್ಮದು ಜನ ಮಾರ್ಮನ್ ಅಂತ ಕರೆಯೋ ಕ್ರೈಸ್ತ ಚರ್ಚು. ಬೆಂಗಳೂರಲ್ಲೂ 1993ರಿಂದ ಅದರ ಮಿಷನ್, ಅಂದ್ರೆ ಧರ್ಮಪ್ರಚಾರದ ಕೇಂದ್ರ, ಇದೆ. ಹುಡುಗರು 18 ತುಂಬಿದ ಮೇಲೆ ಎರಡು ವರ್ಷ ಧರ್ಮಪ್ರಚಾರದ ಸೇವೆಗೆ ಹೋಗಬಹುದು, ಯಾವ ಊರು ಅಂತ ನಾವು ಆರಿಸೋ ಹಾಗಿಲ್ಲ, ಚರ್ಚಿಂದ ಪತ್ರ ಬರುತ್ತೆ ಅಷ್ಟೇ. ನನಗೆ 2022ರಲ್ಲಿ ಮ್ಯಾಂಚೆಸ್ಟರ್ ಮಿಷನ್ ಅಂತ ಬಂತು. ಮೊದಲು ಚೋರ್ಲಿ ಅನ್ನೋ ಊರಲ್ಲಿ ಟ್ರೈನಿಂಗು, ಆಮೇಲೆ ಪಕ್ಕದ ಪ್ರೆಸ್ಟನ್. ಅಲ್ಲಿ ರಿಬಲ್ ಅಂತ ನದಿ ಇದೆ, 1837ರಲ್ಲಿ ಅಮೆರಿಕದಿಂದ ಬಂದ ನಮ್ಮ ಚರ್ಚಿನ ಮೊದಲ ಮಿಷನರಿಗಳು ಆ ನದೀಲೇ ದೀಕ್ಷಾಸ್ನಾನ ಕೊಟ್ಟಿದ್ದು, ಮೊದಲ ದಿನ ಅದರ ದಂಡೇಲಿ ನಿಂತಾಗ ಮೈ ಜುಮ್ ಅಂದಿತ್ತು.

ಬೆಳಗ್ಗೆ ಆರೂವರೆಗೆ ಏಳಬೇಕು, ಎಕ್ಸರ್ಸೈಜು, ತಿಂಡಿ, ಓದು, ಪ್ರಾರ್ಥನೆ, ಆಮೇಲೆ ಬಿಳಿ ಶರ್ಟು ಟೈ ಕಪ್ಪು ನೇಮ್ ಟ್ಯಾಗ್ ಹಾಕ್ಕೊಂಡು ಹೊರಗೆ, ರಾತ್ರಿ ಒಂಬತ್ತರ ಹೊತ್ತಿಗೆ ವಾಪಸ್. ಸಿನಿಮಾ ಇಲ್ಲ, ಟಿವಿ ಇಲ್ಲ, ಗರ್ಲ್‌ಫ್ರೆಂಡ್ ಇಲ್ಲ. ಸೋಮವಾರ ಬಟ್ಟೆ ಒಗೆಯೋದು, ಸಾಮಾನು ತರೋದು, ಅಮ್ಮಂಗೆ ವಿಡಿಯೋ ಕಾಲು. ಈ ವಾರವಾರದ ಕಾಲ್ ಶುರುವಾಗಿದ್ದೇ 2019ರಲ್ಲಿ, ಅದಕ್ಕೆ ಮುಂಚೆ ಹೋದವರು ವರ್ಷಕ್ಕೆ ಎರಡೇ ಸಲ ಮನೆಯವರ ದನಿ ಕೇಳ್ತಿದ್ರಂತೆ, ಅವರನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ.

ಆದ್ರೆ ಇದ್ಯಾವುದೂ ಕಷ್ಟ ಅಲ್ಲ. ಕಷ್ಟ ಅಂದ್ರೆ ಕಂಪ್ಯಾನಿಯನ್. ಯಾವಾಗ್ಲೂ ಇಬ್ಬಿಬ್ಬರೇ ಇರಬೇಕು, ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರು, ಯಾರ ಜೊತೆ ಅನ್ನೋದೂ ನಮ್ಮ ಕೈಲಿಲ್ಲ. ನನ್ನ ಮೊದಲನೇ ಕಂಪ್ಯಾನಿಯನ್ ಅಮೆರಿಕದ ಐಡಹೋದಿಂದ ಬಂದ ರೈತರ ಮನೆ ಹುಡುಗ, ಬಾಯಿ ತೆಗೆದ್ರೆ ಸ್ವಲ್ಪ ತೊದಲ್ತಿದ್ದ. ಬಾಗಿಲು ತೆಗೆದವರು ಎಲ್ಲಿ ಮುಚ್ಚಿಬಿಡ್ತಾರೋ ಅಂತ ಅವನು ಶುರು ಮಾಡಿದ ಮಾತನ್ನ ನಾನೇ ಮುಗಿಸಿಬಿಡ್ತಿದ್ದೆ, ಸಹಾಯ ಮಾಡ್ತಿದೀನಿ ಅಂತಾನೇ ಅಂದ್ಕೊಂಡಿದ್ದೆ. ವಾರಕ್ಕೊಂದ್ಸಲ ನಾವಿಬ್ಬರೂ ಎದುರುಬದುರು ಕೂತು ಮನಸಲ್ಲಿರೋದನ್ನ ಹೇಳ್ಕೋಬೇಕು ಅಂತ ನಿಯಮ ಇದೆ. ಮೂರನೇ ವಾರ ಅವನು ತಲೆ ತಗ್ಗಿಸ್ಕೊಂಡು, "ಎಷ್ಟೇ ಹೊತ್ತಾಗ್ಲಿ, ನನ್ನ ಮಾತು ನಾನೇ ಮುಗಿಸ್ಬೇಕು" ಅಂದ. ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಮಾರನೇ ದಿನ ಜಿಟಿಜಿಟಿ ಮಳೆ. ಒಂದು ಮನೆ ಬಾಗಿಲು ತಟ್ಟಿದ್ವಿ, ಒಬ್ಬರೇ ಇದ್ದ ಒಬ್ಬ ಅಜ್ಜ ಬಾಗಿಲು ತೆಗೆದ್ರು. ನಾನು ತುಟಿ ಕಚ್ಚಿಕೊಂಡು ಸುಮ್ಮನೆ ನಿಂತೆ. ಅವನು ಹೆಸರು ಹೇಳೋಕೇ ಎಷ್ಟೋ ಹೊತ್ತು ತಗೊಂಡ, ಅಜ್ಜ ಬಾಗಿಲು ಹಿಡ್ಕೊಂಡು ಅವನು ಮುಗಿಸೋವರೆಗೂ ಕೇಳಿಸ್ಕೊಂಡು, "ಒಳಗೆ ಬನ್ರಪ್ಪಾ, ನೆನೀತಿದೀರ" ಅಂತ ಕರೆದು ಚಹಾಕ್ಕೆ ನೀರಿಟ್ರು. ನಾವು ಚಹಾ ಕಾಫಿ ಎರಡೂ ಕುಡಿಯಲ್ಲ, 1833ರಿಂದ ಬಂದ ನಿಯಮ ಅದು, ಇಂಗ್ಲೆಂಡಲ್ಲಿ ಮನೆಗೆ ಕರೆದವರ ಚಹಾ ಬೇಡ ಅನ್ನೋದು ನಮ್ಮ ಕಡೆ ಕಾಫಿ ಬೇಡ ಅಂದಷ್ಟೇ ಕಷ್ಟ. ಅಜ್ಜ ಬೇಜಾರು ಮಾಡ್ಕೊಳ್ದೆ ಬ್ಲ್ಯಾಕ್‌ಕರೆಂಟ್ ಅನ್ನೋ ಹಣ್ಣಿನ ಜ್ಯೂಸಿಗೆ ಬಿಸಿನೀರು ಹಾಕಿ ಕೊಟ್ರು.

ಅವರು ಒಂದು ಸಲಾನೂ ಚರ್ಚಿಗೆ ಬರ್ಲಿಲ್ಲ. ನಾವು ಮಾತ್ರ ಪ್ರತಿ ಗುರುವಾರ ಅವರ ಹಿತ್ತಲಲ್ಲಿ ಕಳೆ ಕೀಳೋಕೆ ಹೋಗ್ತಿದ್ವಿ. ತೀರಿಹೋದ ಹೆಂಡತಿ ಬಗ್ಗೆ ಅವರು ಹೆಚ್ಚು ಮಾತಾಡ್ತಿದ್ದಿದ್ದು ನನ್ನ ಹತ್ರ ಅಲ್ಲ, ಅವನ ಹತ್ರ, ಯಾಕಂದ್ರೆ ಅವನು ಮಧ್ಯೆ ಬಾಯಿ ಹಾಕ್ತಿರ್ಲಿಲ್ಲ.

ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಪಟ್ಟಿ ಬರುತ್ತೆ, ಎರಡನೇ ಪಟ್ಟೀಲಿ ನನ್ನ ಹೆಸರಿತ್ತು, ಬ್ಲ್ಯಾಕ್‌ಬರ್ನ್‌ಗೆ. ಹೊರಡೋ ಮುಂಚೆ ಹೇಳಿ ಬರೋಣ ಅಂತ ಇಬ್ಬರೂ ಹೋದ್ವಿ. ಅಜ್ಜ ಆಗ್ಲೇ ಟೇಬಲ್ ಮೇಲೆ ಮೂರು ಕಪ್ ಇಟ್ಟಿದ್ರು, ಒಂದರಲ್ಲಿ ಚಹಾ, ಎರಡರಲ್ಲಿ ಬ್ಲ್ಯಾಕ್‌ಕರೆಂಟು.