ಲೋಬ್ ಪರವಾಗಿ ವಾದಿಸಿದ ಆ ಭಾನುವಾರ

2022ರ ಜನವರಿ 23, ಮಾಂಟೆ ಕಾರ್ಲೊ ಕಾರು ರ‍್ಯಾಲಿಯ ಕೊನೆಯ ದಿನ. ನಾನು, ಅಣ್ಣ, ಚಿಕ್ಕಪ್ಪ ಟಿ.ವಿ. ಮುಂದೆ ಕೂತಿದ್ದೆವು. ಸಾರ್ವಕಾಲಿಕ ಶ್ರೇಷ್ಠ ರ‍್ಯಾಲಿ ಚಾಲಕ ಯಾರು ಎಂಬ ಜಗಳ ನಮ್ಮ ಮೂವರ ನಡುವೆ ಬಹಳ ಹಳೆಯದು. ಚಿಕ್ಕಪ್ಪನಿಗೆ ವಾಲ್ಟರ್ ರೋರ್ಲ್ ಬಿಟ್ಟರೆ ಬೇರೆ ಚಾಲಕನೇ ಇಲ್ಲ. ಅಣ್ಣ ಸೆಬಾಸ್ಟಿಯನ್ ಓಜಿಯೆಯ ಕಡೆ. ನಾನು ಸೆಬಾಸ್ಟಿಯನ್ ಲೋಬ್ ಕಡೆ. ಅವತ್ತು ಮೊದಲ ಎರಡು ಸ್ಥಾನಗಳಲ್ಲಿ ಇದ್ದವರು ಓಜಿಯೆ ಮತ್ತು ಲೋಬ್ ಆಗಿದ್ದರಿಂದ ಮಾತು ಬೆಳಿಗ್ಗೆಯೇ ಕಾವೇರಿತ್ತು.

ಅಣ್ಣನ ಬಳಿ ಒಂದು ಗಟ್ಟಿ ವಾದವಿತ್ತು. "ಲೋಬ್‌ಗೆ 2004ರಿಂದ 2012ರವರೆಗೆ ಒಂಬತ್ತು ವಿಶ್ವ ಪ್ರಶಸ್ತಿ, ಸರಿ. ಆದರೆ ಒಂಬತ್ತೂ ಸಿಟ್ರೊಯೆನ್‌ನಲ್ಲೇ ಅಲ್ವಾ? ಓಜಿಯೆಯನ್ನು ನೋಡು. ಫೋಕ್ಸ್‌ವ್ಯಾಗನ್‌ನಲ್ಲಿ ನಾಲ್ಕು, ಫೋರ್ಡ್‌ನಲ್ಲಿ ಎರಡು, ಟೊಯೊಟಾದಲ್ಲಿ ಎರಡು. ಯಾವ ಕಾರು ಕೊಟ್ಟರೂ ಗೆಲ್ಲುತ್ತಾನೆ." ಇದಕ್ಕೆ ನನ್ನ ಬಳಿ ಉತ್ತರ ಇರುತ್ತಿತ್ತು, ಆದರೆ ಅದು ಅಣ್ಣನ ಬಾಯಿ ಮುಚ್ಚಿಸುವಂಥ ಉತ್ತರವಾಗಿರಲಿಲ್ಲ.

ಆ ದಿನ ಲೋಬ್ ಕೂತಿದ್ದು ಫೋರ್ಡ್ ಪ್ಯೂಮಾದಲ್ಲಿ. ಹೈಬ್ರಿಡ್ ಕಾರುಗಳ ಯುಗದ ಮೊಟ್ಟಮೊದಲ ರ‍್ಯಾಲಿ ಅದು. ಒಂಬತ್ತೂ ಪ್ರಶಸ್ತಿಗಳಲ್ಲಿ ಜೊತೆಗಿದ್ದ ಸಹಚಾಲಕ ಡೇನಿಯಲ್ ಎಲೆನಾ ಪಕ್ಕದಲ್ಲಿರಲಿಲ್ಲ. ಮುಂದಿನ ತಿರುವುಗಳನ್ನು ಮೊದಲೇ ಬರೆದಿಟ್ಟ ಪೇಸ್ ನೋಟ್ಸ್ ಓದುತ್ತಿದ್ದವರು ಇಸಾಬೆಲ್ ಗಾಲ್ಮಿಶ್, ವೃತ್ತಿಯಲ್ಲಿ ಶಿಕ್ಷಕಿ. ಲೋಬ್ ಪೂರ್ತಿ ಋತು ಓಡಿ ಹತ್ತು ವರ್ಷವಾಗುತ್ತ ಬಂದಿತ್ತು, ವಯಸ್ಸು 47. ಅಣ್ಣ ಇಷ್ಟು ದಿನ ಕೇಳುತ್ತಿದ್ದ ಪರೀಕ್ಷೆ ಇದೇ ಅಲ್ಲವೇ?

ರ‍್ಯಾಲಿಯಲ್ಲಿ ಸಮಯ ಅಳೆಯುವ ಒಂದೊಂದು ಭಾಗವೂ ಒಂದು ಸ್ಟೇಜ್. ಕೊನೆಯದಕ್ಕಿಂತ ಹಿಂದಿನ ಸ್ಟೇಜ್‌ನಲ್ಲಿ, ಮುಂದಿದ್ದ ಓಜಿಯೆಯ ಟೈರ್ ಪಂಕ್ಚರ್ ಆಯಿತು. ಲೋಬ್ 10.5 ಸೆಕೆಂಡ್ ಅಂತರದಲ್ಲಿ ಗೆದ್ದ. ಅವನ 80ನೇ ಗೆಲುವು. ನಾನು ಕುಣಿದಾಡಿಬಿಟ್ಟೆ. ಅಣ್ಣ "ಪಂಕ್ಚರ್ ಗೆಲ್ಲಿಸಿತು" ಎಂದ. ಅದು ನಿಜವೇ. ಆದರೆ ಎದುರಾಳಿಯ ಟೈರ್ ಒಡೆದಾಗ ಲಾಭ ಸಿಗಬೇಕಾದರೆ ಅವನ ಹಿಂದೆ ಕೆಲವೇ ಸೆಕೆಂಡುಗಳ ದೂರದಲ್ಲಿ ಇರಬೇಕು. ಆ ಜಾಗದಲ್ಲಿ 47ರ ಲೋಬ್ ಇದ್ದ, ಅವನ ಅರ್ಧ ವಯಸ್ಸಿನ ಹುಡುಗರು ಇರಲಿಲ್ಲ.

ಚಿಕ್ಕಪ್ಪ ಅಲ್ಲಿಯವರೆಗೂ ಸುಮ್ಮನಿದ್ದರು. "ಬೇರೆ ಬೇರೆ ಕಾರು ಅಂತ ಇಬ್ಬರೂ ಕಿತ್ತಾಡ್ತಿದ್ದೀರಲ್ಲ, ಇದೇ ಮಾಂಟೆ ಕಾರ್ಲೊವನ್ನು ನಾಲ್ಕು ಕಂಪನಿಯ ನಾಲ್ಕು ಕಾರುಗಳಲ್ಲಿ ಗೆದ್ದವನು ಯಾರು ಗೊತ್ತೇನ್ರೋ?" 1980ರಲ್ಲಿ ಫಿಯಟ್, 1982ರಲ್ಲಿ ಓಪೆಲ್, 1983ರಲ್ಲಿ ಲಾನ್ಸಿಯಾ, 1984ರಲ್ಲಿ ಆಡಿ. ರೋರ್ಲ್. ಅದರಲ್ಲೂ ಲಾನ್ಸಿಯಾ 037 ಹಿಂದಿನ ಚಕ್ರಗಳಿಂದಷ್ಟೇ ಓಡುವ ಕಾರು. ಎದುರಿಗಿದ್ದದ್ದು ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಸುವ ಆಡಿ ಕ್ವಾಟ್ರೊ.

ಆಮೇಲೆ ಅವರು ಪೋರ್ಚುಗಲ್‌ನ ಅರ್ಗಾನಿಲ್ ಬಗ್ಗೆ ಶುರುಮಾಡಿದರು. ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ. 1980, ರಾತ್ರಿ, ನಲವತ್ತು ಕಿಲೋಮೀಟರ್ ದಾಟುವ ಸ್ಟೇಜ್, ಮುಂದಿನ ರಸ್ತೆಯೇ ಕಾಣದಷ್ಟು ಮಂಜು. ಅದೇ ತಂಡದ ಮಾರ್ಕು ಅಲೆನ್ ಓಡಿಸುತ್ತಿದ್ದದ್ದೂ ಅದೇ ಮಾದರಿಯ ಫಿಯಟ್ 131. ಅವನಿಗಿಂತ ರೋರ್ಲ್ ನಾಲ್ಕು ನಿಮಿಷಕ್ಕೂ ಹೆಚ್ಚು ಮುಂದೆ ಬಂದ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಹೊಡೆದಾಡುವ ಆಟದಲ್ಲಿ ನಾಲ್ಕು ನಿಮಿಷ! ಕಣ್ಣಿಗೆ ಕಾಣದ ರಸ್ತೆಯನ್ನು ಅವನು ನೆನಪಿನಿಂದ ಓಡಿಸಿದ್ದ. ಚಾಲಕನ ಪ್ರತಿಭೆಯನ್ನು ಕಾರಿನಿಂದ ಬೇರ್ಪಡಿಸಿ ತೋರಿಸುವ ಇಂಥ ಇನ್ನೊಂದು ಉದಾಹರಣೆ ನನಗೆ ತಿಳಿದಿಲ್ಲ.

ಹಾಗಿದ್ದೂ ನಾನು ರೋರ್ಲ್ ಕಡೆ ವಾಲಲಿಲ್ಲ. ರ‍್ಯಾಲಿಯಲ್ಲಿ ಒಂದು ರಾತ್ರಿಯ ಪವಾಡಕ್ಕಿಂತ ಕಷ್ಟವಾದದ್ದು ಒಂಬತ್ತು ವರ್ಷ ಎಡವದೇ ಇರುವುದು. ಒಂದು ವರ್ಷ ಹಿಮ, ಮಂಜುಗಡ್ಡೆ, ಡಾಂಬರು, ಜಲ್ಲಿ ಎಲ್ಲದರ ಮೇಲೂ ಗೆಲ್ಲಬೇಕು. ಮರುವರ್ಷ ಮತ್ತೆ ಮೊದಲಿಂದ. ಟಾಮಿ ಮ್ಯಾಕಿನೆನ್‌ನಂಥವನ ಸತತ ಪ್ರಶಸ್ತಿಗಳ ಸರಣಿಯೂ 1996ರಿಂದ 1999ರವರೆಗೆ, ನಾಲ್ಕಕ್ಕೆ ನಿಂತಿತು. ಲೋಬ್ 2006ರಲ್ಲಿ ಸೈಕಲ್‌ನಿಂದ ಬಿದ್ದು ತೋಳು ಮುರಿದುಕೊಂಡು ಕೊನೆಯ ನಾಲ್ಕು ರ‍್ಯಾಲಿಗಳಿಗೆ ಹೋಗಲೇ ಇಲ್ಲ. ಆದರೂ ಎದುರಾಳಿ ಮಾರ್ಕಸ್ ಗ್ರೋನ್‌ಹೋಮ್‌ಗಿಂತ ಒಂದು ಅಂಕ ಹೆಚ್ಚಿತ್ತು. ಅಷ್ಟು ಗಂಟು ಮೊದಲೇ ಕಟ್ಟಿಟ್ಟಿದ್ದ.

ನಾನು ಲೋಬ್‌ನನ್ನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಅಂಕಗಳಿಗೆ ಸಿಗದ ಇನ್ನೊಂದು ಕಾರಣವಿದೆ. 2005ರ ಬ್ರಿಟನ್ ರ‍್ಯಾಲಿಯಲ್ಲಿ ಮಾರ್ಕೊ ಮಾರ್ಟಿನ್‌ನ ಕಾರು ಮರಕ್ಕೆ ಬಡಿದು ಸಹಚಾಲಕ ಮೈಕೆಲ್ ಪಾರ್ಕ್ ತೀರಿಕೊಂಡರು. ಉಳಿದ ಸ್ಟೇಜ್‌ಗಳು ರದ್ದಾದವು. ಮುಂದಿದ್ದವನು ಲೋಬ್, ಗೆದ್ದರೆ ಅಲ್ಲೇ ವಿಶ್ವ ಪ್ರಶಸ್ತಿ. ಅವನು ಬೇಕೆಂದೇ ಸಮಯದ ದಂಡ ಹಾಕಿಸಿಕೊಂಡು ಕೆಳಗಿಳಿದ, ಅಂಥ ದಿನ ಚಾಂಪಿಯನ್ ಆಗುವುದು ಬೇಡವೆಂದು. ಇದನ್ನು ನಾನು ಹೇಳಿದಾಗ ಅಣ್ಣನೂ ಎದುರಾಡುವುದಿಲ್ಲ.

ಆ ಭಾನುವಾರ ನಾನು ಗೆದ್ದೆ ಎಂದುಕೊಂಡಿದ್ದೆ. 2025ರಲ್ಲಿ ಓಜಿಯೆ, ಎಲ್ಲ ಸುತ್ತುಗಳಲ್ಲೂ ಓಡದೆಯೇ, ಟೊಯೊಟಾದಲ್ಲಿ ಒಂಬತ್ತನೇ ಪ್ರಶಸ್ತಿ ಗೆದ್ದುಬಿಟ್ಟ. ಅಣ್ಣ ತಕ್ಷಣ ಫೋನ್ ಮಾಡಿ, "ಈಗ ಒಂಬತ್ತಕ್ಕೆ ಒಂಬತ್ತು. ಹೇಳು ನೋಡೋಣ" ಎಂದ. ಹೇಳಿದೆ. 2011ರಲ್ಲಿ ಇಬ್ಬರೂ ಸಿಟ್ರೊಯೆನ್‌ನಲ್ಲೇ ಇದ್ದರು, ಒಂದೇ ಕಾರು, ತಲಾ ಐದು ಗೆಲುವು, ಪ್ರಶಸ್ತಿ ಲೋಬ್‌ನದು. 2013ರಲ್ಲಿ ಓಜಿಯೆ ಮೊದಲ ಸಲ ಚಾಂಪಿಯನ್ ಆದ ವರ್ಷ ಲೋಬ್ ಓಡಿದ್ದು ನಾಲ್ಕೇ ರ‍್ಯಾಲಿ. ಮಾಂಟೆ ಕಾರ್ಲೊ, ಅರ್ಜೆಂಟಿನಾ ಎರಡರಲ್ಲೂ ಲೋಬ್ ಮೊದಲು, ಓಜಿಯೆ ಎರಡನೆಯವನು. ಹಾಗಾಗಿ ನನ್ನ ಪಟ್ಟಿಯ ಮೊದಲ ಹೆಸರು ಇನ್ನೂ ಲೋಬ್. ಎರಡನೆಯದು ಅರ್ಗಾನಿಲ್‌ನ ಆ ರಾತ್ರಿಗಾಗಿ ರೋರ್ಲ್. ಅಣ್ಣನಿಗೆ ನನ್ನ ಮೇಲೆ ಈಗ ನಿಜವಾದ ಸಿಟ್ಟಿರುವುದು ಇದಕ್ಕೇ.