ನಮ್ಮದು ರಿಹರ್ಸಲ್ ಅಲ್ಲ ಭಾವ

ಕೆನಡಾಕ್ಕೆ ಬಂದಾಗಿನಿಂದ ಇಲ್ಲಿನ ಸುಗ್ಗಿ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಬಗ್ಗೆ ವರ್ಷಕ್ಕೆ ಹತ್ತು ಸಲವಾದರೂ ಇದೇ ಪ್ರಶ್ನೆ: "ಥ್ಯಾಂಕ್ಸ್‌ಗಿವಿಂಗ್ ನವೆಂಬರಲ್ಲಲ್ವಾ? ನಿಮ್ಮಲ್ಲಿ ಅಕ್ಟೋಬರಲ್ಲೇ ಯಾಕೆ?" ಇಲ್ಲಿ ಚಳಿ ಬೇಗ ಬರುತ್ತೆ, ಕೊಯ್ಲು ಬೇಗ ಮುಗಿಯುತ್ತೆ, ಅದಕ್ಕೆ. 1957ರಲ್ಲಿ ಅಕ್ಟೋಬರಿನ ಎರಡನೇ ಸೋಮವಾರ ಅಂತ ಗೊತ್ತುಮಾಡಿದರು. ಆ ಘೋಷಣೆಯಲ್ಲೇ ಸುಗ್ಗಿಯ ಮಾತಿದೆ. ಆಯ್ತಾ?

ಆಗಲ್ಲ. ಕೇಳುವವರಿಗೆ ಉತ್ತರ ಬೇಕಿಲ್ಲ. ನವೆಂಬರಿನ ಅಮೆರಿಕದ್ದು ಅಸಲಿ, ನಮ್ಮದು ನಕಲಿ ಅಂತ ನನ್ನ ಬಾಯಲ್ಲೇ ಹೇಳಿಸಬೇಕು.

ಒಂದು ವರ್ಷ ನ್ಯೂಜೆರ್ಸಿಯಿಂದ ಅಕ್ಕ, ಭಾವ ಬಂದಿದ್ದರು. ಹಬ್ಬದೂಟಕ್ಕೆ ಏಳು ಕೆ.ಜಿ. ಟರ್ಕಿ ಕೋಳಿ ತಂದಿಟ್ಟಿದ್ದೆ. ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಮೂರು ದಿನವಾದರೂ ಇಡಬೇಕು ಅಂತ ಯಾರೂ ಹೇಳಿರಲಿಲ್ಲ, ನಾನು ಹಿಂದಿನ ರಾತ್ರಿ ತೆಗೆದವಳು. ಬೆಳಿಗ್ಗೆ ಹೊಟ್ಟೆಯೊಳಗೆ ಕೈ ಹಾಕಿದರೆ ಬರೀ ಮಂಜುಗಡ್ಡೆ. ಭಾವ ಬಾಗಿಲಿಗೆ ಒರಗಿಕೊಂಡು, "ಪರವಾಗಿಲ್ಲ ಬಿಡು, ಇದು ರಿಹರ್ಸಲ್ಲು. ಒರಿಜಿನಲ್‌ಗೆ ನಮ್ಮನೆಗೆ ಬಾ" ಅಂದರು. ಕೈಯಲ್ಲಿ ಕತ್ತಿಯಿದ್ದ ನನಗೆ ಹೇಳುವ ಮಾತೇ ಅದು? ತಣ್ಣೀರಲ್ಲಿ ಮುಳುಗಿಸಿ, ಸಡಿಲವಾದಷ್ಟು ಕತ್ತರಿಸಿ, ಮೆಣಸು ಅರೆದು ಸಾರು ಮಾಡಿ ಕಡುಬಿನ ಜೊತೆ ಬಡಿಸಿದೆ. ಮೂರು ಸಲ ಹಾಕಿಸಿಕೊಂಡರು.

ಆ ಒರಿಜಿನಲ್ಲಿನ ಕಥೆಯೂ ಕೇಳಿ. 1939ರಲ್ಲಿ ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲದು ಅಂತ ಅಧ್ಯಕ್ಷ ರೂಸ್ವೆಲ್ಟ್ ಹಬ್ಬವನ್ನು ಒಂದು ವಾರ ಹಿಂದಕ್ಕೆಳೆದರು. ಕೆಲವು ರಾಜ್ಯಗಳು ಒಪ್ಪಲಿಲ್ಲ, ಒಂದೇ ದೇಶದಲ್ಲಿ ಎರಡೆರಡು ದಿನ ಹಬ್ಬ. ನವೆಂಬರಿನ ನಾಲ್ಕನೇ ಗುರುವಾರ ಅಂತ ಕಾನೂನಾಗಿದ್ದು 1941ರಲ್ಲಿ.

ಇಷ್ಟಕ್ಕೂ ನಮ್ಮ ಕರ್ನಾಟಕದಲ್ಲೇ ಎಷ್ಟು ಸುಗ್ಗಿ? ಮಂಗಳೂರಿನ ಕ್ಯಾಥೊಲಿಕರು ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತಿನಲ್ಲಿ ಹೊಸ ತೆನೆ ಮನೆಗೆ ತರುತ್ತಾರೆ. ಕೊಡಗಿನ ಹುತ್ತರಿ ನವೆಂಬರೋ ಡಿಸೆಂಬರೋ. ಸಂಕ್ರಾಂತಿ ಜನವರಿಗೆ. ನಿಮ್ಮದು ಸಂಕ್ರಾಂತಿಯ ರಿಹರ್ಸಲ್ಲಾ ಅಂತ ಕೊಡವರನ್ನು ಕೇಳಿ ನೋಡಿ, ಧೈರ್ಯವಿದ್ದರೆ.

ನನಗೆ ಬೇಕಾದ ಪ್ರಶ್ನೆ ಬೇರೆ. ನೀನೇನು ಬೆಳೆದೆ? ಯಾರೂ ಕೇಳಲ್ಲ. ಬಾಲ್ಕನಿಯಲ್ಲಿ ಎರಡು ಮೆಣಸಿನ ಗಿಡ, ಒಂದೇ ರಾತ್ರಿಯ ಹಿಮಕ್ಕೆ ಕಪ್ಪಾದವು. ಇಷ್ಟು ಸುಗ್ಗಿಗೆ ಏಳು ಕೆ.ಜಿ. ಹಕ್ಕಿ!

ಸುಮಾರು ಇಲ್ಲಿನ ಹಬ್ಬದ ಹೊತ್ತಿಗೇ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಗದ್ದೆಗೆ ಚರಗ ಅಂತ ಅಡುಗೆ ಚೆಲ್ಲಿ, ಹೊಡೆ ತುಂಬಿದ ಭತ್ತಕ್ಕೆ ಬಸುರಿಯ ಬಯಕೆ ತೀರಿಸುವ ಹಬ್ಬ. ಬಿದಿರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಅಮ್ಮ ಎಳೆಯುತ್ತಿದ್ದ ಚಿತ್ತಾರದ ಗೆರೆ ಒಂದೂ ಅಲುಗುತ್ತಿರಲಿಲ್ಲ. ಈಗ ನಮ್ಮ ಗದ್ದೆಯೆಲ್ಲ ಅಡಿಕೆ ತೋಟ. ಆ ವರ್ಷ ಫೋನಿನಲ್ಲಿ, "ಅಡಿಕೆ ಮರಕ್ಕೆಂಥ ಬಯಕೆಯಮ್ಮ?" ಅಂದೆ.

"ಯಾಕಿರಲ್ಲ? ಚರಗ ಚೆಲ್ಲಿ ಬಂದೆ, ಕಾಗೆ ತಿಂತು. ಅದಿರಲಿ, ನಿನ್ನ ಆ ದೊಡ್ಡ ಕೋಳಿ ಬೆಂತೇನೆ?"