ವಾಕ್ಯದ ಹಗ್ಗ: ಮೂರನೇ ತರಗತಿ, ನಾಲ್ಕು ವಾರದ ಕೆಲಸ

ವಾರ 1. ಹಗ್ಗಕ್ಕೆ ಪದದ ಕಾರ್ಡು ಸಿಕ್ಕಿಸಿ ಕನ್ನಡ ವಾಕ್ಯ ಕಟ್ಟಿಸಲು ಕಾರ್ಡುಗಳ ತಯಾರಿ. ಕೊಡಗಿನ ಮಳೆಗಾಲಕ್ಕೆ ಚಾರ್ಟ್ ಪೇಪರ್ ಆಗಿಬರುವುದಿಲ್ಲ, ತೇವಕ್ಕೆ ಅಂಚು ಸುರುಳಿ ಸುತ್ತಿಬಿಡುತ್ತದೆ. ಹಳೆಯ ಮದುವೆ ಕಾಗದಗಳ ದಪ್ಪ ರಟ್ಟು ನೆಟ್ಟಗೆ ನಿಲ್ಲುತ್ತದೆ. ಅಳತೆ 12 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. 'ಯಾರು' ಹಸಿರು, 'ಏನನ್ನು' ಹಳದಿ, 'ಏನು ಮಾಡಿದರು' ಕೆಂಪು; ಬಣ್ಣಕ್ಕೆ 12ರಂತೆ 36 ಕಾರ್ಡು. ಮಕ್ಕಳ ಎದೆಯೆತ್ತರಕ್ಕೆ ಒಂದು ನೈಲಾನ್ ಹಗ್ಗ, ಆರು ಬಟ್ಟೆ ಕ್ಲಿಪ್. ಕರ್ತೃ, ಕರ್ಮ ಎಂಬ ಹೆಸರು ಈಗಲೇ ಬೇಡ.

ವಾರ 2. ಮೊದಲು ತೂಗುಹಾಕುವುದು ಕೆಂಪು ಕಾರ್ಡು, ಹಗ್ಗದ ಬಲತುದಿಗೆ. 'ಕೊಯ್ದಳು'. ಯಾರು? 'ಅಜ್ಜಿ'. ಏನನ್ನು? 'ಮೆಣಸನ್ನು'. ಹಸಿರನ್ನೂ ಹಳದಿಯನ್ನೂ ಅದಲುಬದಲು ಮಾಡಿ ಓದಿಸಬೇಕು: 'ಮೆಣಸನ್ನು ಅಜ್ಜಿ ಕೊಯ್ದಳು'. ಅರ್ಥ ಕೆಡಲಿಲ್ಲ. 'ಅಜ್ಜಿ ಮೆಣಸು ಕೊಯ್ದಳು' ಎಂದರೂ ನಡೆಯುತ್ತದೆ, ಮೆಣಸು ಅಜ್ಜಿಯನ್ನು ಕೊಯ್ಯುವುದಿಲ್ಲವಲ್ಲ! ಆದರೆ 'ಬೆಕ್ಕು ನಾಯಿ ಓಡಿಸಿತು' ಎಂದು ತೂಗುಹಾಕಿ, ಯಾರು ಯಾರನ್ನು ಓಡಿಸಿದ್ದು ಎಂದು ಕೇಳಿದರೆ ತರಗತಿ ಎರಡು ಪಾಲಾಗುತ್ತದೆ. 'ಅನ್ನು' ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ವಾರ 3. ಹೆಚ್ಚು ಹೊತ್ತು ಹಿಡಿದದ್ದು ಇಲ್ಲಿ. 'ಅಕ್ಕ ಬಂದ' ಎಂಬ ತಪ್ಪು ಮತ್ತೆ ಮತ್ತೆ ಬರುತ್ತದೆ. ಇದು ಅಜಾಗರೂಕತೆ ಅಲ್ಲ. ತೋಟದ ಕೆಲಸಗಾರರ ಸಾಲುಮನೆಗಳಿಂದ, ಅಂದರೆ ಲೈನ್ ಮನೆಗಳಿಂದ ಬರುವ ಹಲವು ಮಕ್ಕಳ ಮನೆಮಾತು ಮಲಯಾಳ; ಅದರಲ್ಲಿ 'ಅವನ್ ವನ್ನು' (ಅವನು ಬಂದನು), 'ಅವಳ್ ವನ್ನು' (ಅವಳು ಬಂದಳು), ಕ್ರಿಯಾಪದ ಎರಡಕ್ಕೂ ಒಂದೇ. ಆದ್ದರಿಂದ ಗದರದೆ, ಮೊದಲು ಮನೆಮಾತಿನಲ್ಲೇ ಹೇಳಿಸಿ, ಕನ್ನಡದಲ್ಲಿ ಕ್ರಿಯಾಪದದ ಬಾಲ ಬದಲಾಗುವುದನ್ನು ಕೈಯಲ್ಲೇ ಮುಟ್ಟಿಸಬೇಕು. ಕೆಂಪು ಕಾರ್ಡನ್ನು ಕತ್ತರಿಸಿ: 'ಹೋದ' ಒಂದು ತುಂಡು, 'ನು', 'ಳು', 'ರು', 'ವು' ನಾಲ್ಕು ಬಾಲ. 'ಹೋಯಿತು' ಈ ಜೋಡಣೆಗೆ ಕೂರುವುದಿಲ್ಲ, ಅದನ್ನು ಇಡಿಯಾಗಿಯೇ ಕೊಡಿ. ಕತ್ತರಿಸಲು ಹೋದರೆ ಮಕ್ಕಳು 'ಹೋದಿತು' ಎಂದು ಬರೆಯುತ್ತಾರೆ. 'ಟೀಚರ್ ಹೋದರು' ಎಂಬಲ್ಲಿ ಒಬ್ಬರಿಗೇ 'ರು' ಏಕೆ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಗೌರವಕ್ಕೆ ಎಂದರೆ ಸಾಕು.

ವಾರ 4. 'ಎಲ್ಲಿಗೆ' ಕಾರ್ಡು, ನೀಲಿ. ಬಸ್ ಬೋರ್ಡಿನ ಊರುಗಳೇ ಸಾಮಗ್ರಿ: ಮಡಿಕೇರಿಗೆ, ವಿರಾಜಪೇಟೆಗೆ, ಕುಶಾಲನಗರಕ್ಕೆ, ಸಿದ್ದಾಪುರಕ್ಕೆ, ಮೈಸೂರಿಗೆ. ನಿಯಮ ಹೇಳದೆ ಮೂರು ಗುಂಪು ಮಾಡಿಸಿದೆವು. ಇ, ಎ ಕೊನೆಗೆ 'ಗೆ', ಅಕಾರಕ್ಕೆ 'ಕ್ಕೆ', ಉಕಾರಕ್ಕೆ 'ಇಗೆ' ಎಂದು ಮಕ್ಕಳೇ ಕಂಡುಕೊಂಡರು. ಆದರೆ ಅಕಾರಕ್ಕೆ 'ಕ್ಕೆ' ಎಂಬುದು ಊರು, ಜಾಗ, ವಸ್ತುಗಳಂಥವಕ್ಕೆ ಮಾತ್ರ. 'ಅಣ್ಣಕ್ಕೆ' ಎಂದು ಬರೆದರೆ, ಮನುಷ್ಯರಾದರೆ 'ಅಣ್ಣನಿಗೆ' ಎಂದು ಅಲ್ಲೇ ತಿದ್ದಬೇಕು.

ಬಾಕಿ: ಹಗ್ಗದ ಮೇಲೆ ಸರಿಯಾಗಿ ಕಟ್ಟಿದ ವಾಕ್ಯ ಪುಸ್ತಕಕ್ಕೆ ಇಳಿಯುವಾಗ ಪೂರ್ಣವಿರಾಮ ಬಿಟ್ಟುಹೋಗುತ್ತಿದೆ. ಕೆಂಪು ಕಾರ್ಡಿನ ಕೊನೆಗೇ ದಪ್ಪ ಚುಕ್ಕೆ ಇಟ್ಟು ನೋಡುತ್ತಿದ್ದೇವೆ. ಮುಂದಿನ ವಾರ ಎರಡು ವಾಕ್ಯದ ಜೋಡಣೆ: 'ಅಜ್ಜಿ ಮೆಣಸನ್ನು ಕೊಯ್ದು ಕಣದಲ್ಲಿ ಒಣಗಿಸಿದಳು.'